ಸೋರಿಕೆ ನನ್ನದಾದರೆ ಮನೆಯೂ ನನ್ನದೇ

ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರಿಂದಲೋ ನಿಮಗೆ ಗೊತ್ತಾಗುವುದು ಬೇಡ. ನಾನು ಆರ್ಕಿಟೆಕ್ಚರ್ ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿನಿಯಾಗಿ ಹತ್ತಿದವಳಲ್ಲ. ಐದು ವರ್ಷದ ಆ ಪದವಿ ನನ್ನಲ್ಲಿಲ್ಲ. ಆದರೂ ನಾನು ಆರ್ಕಿಟೆಕ್ಟ್. ಕಾನೂನಿನ ಪ್ರಕಾರವೇ ಆರ್ಕಿಟೆಕ್ಟ್. ನೋಂದಣಿ ಸಂಖ್ಯೆ ಇದೆ, ಮೊಹರು ಇದೆ, ನಾನು ಸಹಿ ಹಾಕಿ ಕಟ್ಟಿಸಿದ ಮನೆಗಳು ಕಾಪುವಿನಿಂದ ಕಾರ್ಕಳದವರೆಗೆ ನಿಂತಿವೆ.

ಈಗ ಪರ್ಕಳದ ಕಚೇರಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಉದ್ಯಾವರದ ಮನೆಯಲ್ಲಿ ಕೂತಿದ್ದೇನೆ. ಹುಡುಗ ಹುಡುಗಿಯರು ಆಗಾಗ ಹುಡುಕಿಕೊಂಡು ಬರುತ್ತಾರೆ. ಹೆಚ್ಚಿನವರು ಡಿಪ್ಲೊಮಾ ಮಾಡಿದವರು. ಯಾರದೋ ಕಚೇರಿಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಾರದೋ ಹೆಸರಿನಲ್ಲಿ ಮನೆ ಬರೆಯುವವರು. ಈ ಬರಹ ಅವರಿಗಾಗಿ. ಪದವಿ ಇರುವವರೂ ಓದಬಹುದು, ನನಗೇನೂ ಅಭ್ಯಂತರವಿಲ್ಲ.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಾವು ಮಕ್ಕಳು ಬಹಳ. ಆರ್ಕಿಟೆಕ್ಚರ್ ಕಲಿಯಬೇಕೆಂದು ನಾನು ಬಾಯಿ ಬಿಟ್ಟಾಗ ಮನೆಯಲ್ಲಿ ಯಾರಿಗೂ ಆ ಶಬ್ದವೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಆಗುವುದಿಲ್ಲ ಎಂದರು. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಉಡುಪಿಯಲ್ಲಿ ಒಬ್ಬ ಆರ್ಕಿಟೆಕ್ಟರ ಕಚೇರಿಗೆ ಸೇರಿದೆ. ಅವರನ್ನು ಇಲ್ಲಿ ಪ್ರಭಾಕರ ಸರ್ ಎಂದು ಕರೆಯುತ್ತೇನೆ. ನನ್ನ ಕೆಲಸ ಟ್ರೇಸಿಂಗ್. ಸರ್ ಪೆನ್ಸಿಲಿನಲ್ಲಿ ಗೀಚಿದ್ದರ ಮೇಲೆ ತೆಳು ಕಾಗದ ಹಾಸಿ ಇಂಕಿನಲ್ಲಿ ಎಳೆಯುವುದು. ಗೆರೆ ತಪ್ಪಿದರೆ ಬ್ಲೇಡಿನಿಂದ ನಯವಾಗಿ ಕೆರೆದು ತೆಗೆಯಬೇಕು. ಕೈ ಒಂದಿಷ್ಟು ಬಿಗಿಯಾದರೂ ಕಾಗದ ಹರಿದು ಹೋಗಿ ಇಡೀ ಹಾಳೆ ಮತ್ತೆ ಮೊದಲಿನಿಂದ. ಆಮೇಲೆ ನಕ್ಷೆಯ ಪ್ರತಿಗಳಿಗಾಗಿ ಅಮೋನಿಯಾ ಪ್ರಿಂಟ್ ತೆಗೆಸಲು ಓಡಬೇಕು. ಅದರ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನಗರಸಭೆಗೆ ಹಾಳೆಗಳ ಸುರುಳಿ ಹೊತ್ತುಕೊಂಡು ಹೋಗುವುದೂ ನನ್ನದೇ ಪಾಲು.

ಸರ್ ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಬೇಕು, ಯಾಕೆಂದರೆ ಮುಂದೆ ನಾನು ಅವರ ಬಗ್ಗೆ ಒಳ್ಳೆಯದನ್ನು ಹೆಚ್ಚು ಹೇಳುವುದಿಲ್ಲ. ಗೋಡೆಗೆ ಎಷ್ಟು ಬಿಸಿಲು ಬೀಳುತ್ತದೆ, ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ, ಇವನ್ನು ನೋಡಲು ಕಲಿಸಿದವರು ಅವರೇ. ಬರೆದದ್ದು ಚೆನ್ನಾಗಿದ್ದರೆ "ಹ್ಞೂಂ" ಎನ್ನುತ್ತಿದ್ದರು. ಚೆನ್ನಾಗಿಲ್ಲದಿದ್ದರೂ "ಹ್ಞೂಂ" ಎನ್ನುತ್ತಿದ್ದರು. ವ್ಯತ್ಯಾಸ ಕಂಡುಹಿಡಿಯಲು ನನಗೆ ವರ್ಷಗಳೇ ಹಿಡಿದವು.

ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂತು. ಸರ್ ಅದನ್ನು ತರಿಸಿ, ಮೇಲೆ ಬಟ್ಟೆ ಹೊದಿಸಿ, ದೂರದಿಂದಲೇ ಗೌರವ ಕೊಡುತ್ತಿದ್ದರು. ನಾನು ಮಣಿಪಾಲದಲ್ಲಿ ಸಂಜೆಯ ತರಗತಿಗೆ ಸೇರಿ ಅದರಲ್ಲಿ ಗೆರೆ ಎಳೆಯಲು ಕಲಿತೆ. ಬ್ಲೇಡು ಮೂಲೆಗೆ ಬಿತ್ತು. ಅದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು, ಅದನ್ನು ಕಚೇರಿಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಮೊದಲು ಸರ್ ಗೀಚಿದ್ದನ್ನು ನಾನು ಎಳೆಯುತ್ತಿದ್ದೆ. ಈಗ ಸರ್ ಹಿಂದೆ ನಿಂತು "ಇಲ್ಲಿ ಎಂತ ಮಾಡುವ ಹಿಲ್ಡಾ?" ಎಂದು ಕೇಳುತ್ತಿದ್ದರು. ನಾನು ಮಾಡುತ್ತಿದ್ದೆ. ಸರ್ "ಹ್ಞೂಂ" ಎಂದು ಸಹಿ ಹಾಕುತ್ತಿದ್ದರು.

ಆ ಹೊತ್ತಿಗೆ ಕಾಪುವಿನ ಮನೆ ಬಂತು. ಕುವೈತಿನಿಂದ ಮರಳಿದ್ದ ಹಮೀದ್ ಸಾಹೇಬರು ಮತ್ತು ಅವರ ಹೆಂಡತಿ ಝುಬೇದಾ. ಸಾಹೇಬರಿಗೆ ಅಲ್ಲಿ ಕಂಡ ಬಂಗಲೆಯಂಥದ್ದೇ ಬೇಕು. ಚಪ್ಪಟೆ ತಾರಸಿ, ನುಣ್ಣನೆ ಬಿಳಿ ಗೋಡೆ, ಕಿಟಕಿಗೆ ಸಜ್ಜಾ ಇರಕೂಡದು. ಸಜ್ಜಾ ಇದ್ದರೆ ಹಳೆ ಶಾಲೆಯ ಹಾಗೆ ಕಾಣುತ್ತದೆ ಎಂಬುದು ಅವರ ವಾದ. ನಮ್ಮ ಕರಾವಳಿಯ ಮಳೆಗೆ ಸಜ್ಜಾ ಇಲ್ಲದ ಕಿಟಕಿ ಎಂದರೆ ಗೋಡೆಯಲ್ಲಿ ತೂತು ಮಾಡಿ ಮಳೆಯನ್ನು ಊಟಕ್ಕೆ ಕರೆದ ಹಾಗೆ. ಅಂಥ ಮನೆಗಳು ಆಗ ಹೆದ್ದಾರಿ ಉದ್ದಕ್ಕೂ ಏಳುತ್ತಿದ್ದವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿಯ ಮೇಲೆ ತಗಡಿನ ಶೀಟು ಬಂದು ಕೂರುತ್ತಿತ್ತು. ನಾನು ಸಾಹೇಬರೊಡನೆ ಜಗಳಕ್ಕೆ ಹೋಗಲಿಲ್ಲ. ಝುಬೇದಾ ಅವರನ್ನು ಕೇಳಿದೆ, ಈ ನಕ್ಷೆಯಲ್ಲಿ ಎಂತ ಕಮ್ಮಿ ಉಂಟು ಹೇಳಿ ಎಂದು.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ಊರವರು ನಮ್ಮ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ, "ಬಾಯಿ, ಮೀನು ತೊಳೆಯುವುದು ಎಲ್ಲಿ?" ಎಂದರು.

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಮ್ಮ ಸರ್ ಹುಟ್ಟಿದಂದಿನಿಂದ ಮೀನು ಮುಟ್ಟಿದವರಲ್ಲ. ಕಡಲಿನ ಬದಿಯ ಊರುಗಳಿಗೆಲ್ಲ ವರ್ಷಗಟ್ಟಲೆ ಮನೆ ಬರೆದುಕೊಟ್ಟವರು, ಒಂದು ಮನೆಗೂ ಮೀನು ತೊಳೆಯುವ ಜಾಗ ಬರೆದಿರಲಿಲ್ಲ. ಎಲ್ಲ ಮನೆಗಳಲ್ಲೂ ಹೆಂಗಸರು ಹಿಂದಿನ ಬಾಗಿಲಿನಾಚೆ, ಶೌಚದ ಗುಂಡಿಯ ಮುಚ್ಚಳದ ಮೇಲೆ ಮೆಟ್ಟುಕತ್ತಿ ಇಟ್ಟುಕೊಂಡು, ಮಳೆಯಲ್ಲಿ ಕೊಡೆಯನ್ನು ಹೆಗಲಿಗೂ ಕುತ್ತಿಗೆಗೂ ನಡುವೆ ಸಿಕ್ಕಿಸಿಕೊಂಡು ಬಂಗುಡೆ ಕತ್ತರಿಸುತ್ತಿದ್ದರು. ನನ್ನ ಅಮ್ಮನೂ ಹಾಗೆಯೇ ಮಾಡಿದವಳು. ಮೀನು ತಿನ್ನುವ ಮನೆಯಲ್ಲಿ ಹುಟ್ಟಿದ ನಾನೂ ಸರ್ ಎಳೆದ ಗೆರೆಯ ಮೇಲೆಯೇ ಗೆರೆ ಎಳೆಯುತ್ತಾ ಹೋಗಿದ್ದೆ.

ಕಾಪುವಿನ ಮನೆಯ ಹಿಂಭಾಗಕ್ಕೆ ನಾನು ಉದ್ದನೆಯ ಹಂಚಿನ ಮಾಡು ಬರೆದೆ. ಅದರ ಕೆಳಗೆ ನಿಂತೂ ಕೂತೂ ಕೆಲಸ ಮಾಡಬಹುದಾದ ಕಲ್ಲಿನ ಕಟ್ಟೆ, ಪಕ್ಕದಲ್ಲಿ ನಲ್ಲಿ, ನೀರು ಹರಿದು ತೆಂಗಿನ ಬುಡಕ್ಕೆ ಸೇರುವ ಕಾಲುವೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ಗೂಡು. ಹಿಂದೆ ಹಂಚಿನ ಮಾಡು ಬಂದ ಮೇಲೆ ಮುಂದೆಯೂ ಬಂತು. ಕಿಟಕಿಗಳಿಗೆ ಸಜ್ಜಾ ಬಂತು. ಸಾಹೇಬರು ಗೊಣಗಿದರು. ಝುಬೇದಾ ಗೊಣಗಲು ಬಿಡಲಿಲ್ಲ.

ಮನೆ ಚೆನ್ನಾಗಿ ಬಂತು, ಸುಳ್ಳು ವಿನಯ ಬೇಡ. ಬೆಂಗಳೂರಿನ ಒಂದು ನುಣುಪು ಕಾಗದದ ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಎಲ್ಲವನ್ನೂ ಬಿಟ್ಟು ಹಿಂದಿನ ಆ ಕಟ್ಟೆಯ ಚಿತ್ರವನ್ನೇ ದೊಡ್ಡದಾಗಿ ಹಾಕಿದ್ದರು. ಕೆಳಗೆ ಪ್ರಭಾಕರ ಸರ್ ಹೆಸರು. ಕರಾವಳಿಯ ಹೆಣ್ಣುಮಕ್ಕಳ ಬದುಕನ್ನು ಒಳಗಿನಿಂದ ಬಲ್ಲವರು ಎಂದು ಹೊಗಳಿಕೆ ಬೇರೆ. ಸರ್ ಆ ಪುಟವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು. ನನಗೆ ನಗು ಬಂತು, ನಿಜವಾಗಿಯೂ ನಗುವೇ ಬಂತು. ಸಿಟ್ಟು ಬರಲು ಇನ್ನೂ ಸಮಯವಿತ್ತು.

ಆ ಮನೆಯ ಒಕ್ಕಲಿನ ದಿನ, ಅಂದರೆ ಗೃಹಪ್ರವೇಶದ ದಿನ, ಇನ್ನೊಂದು ಸಂಗತಿ ನಡೆಯಿತು. ಕಚೇರಿಗೆ ಆಗಷ್ಟೇ ಸಂದೀಪ ಎಂಬ ಹುಡುಗ ಸೇರಿದ್ದ. ಹೊಸ ಪದವೀಧರ, ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಊಟದ ಹೊತ್ತಿಗೆ ಹಮೀದ್ ಸಾಹೇಬರು ತಮ್ಮ ನೆಂಟರಿಗೆ ನನ್ನನ್ನು ತೋರಿಸಿ, "ಇವರೇ ನಮ್ಮ ಆರ್ಕಿಟೆಕ್ಟ್ ಬಾಯಿ" ಎಂದರು.

ಸಂದೀಪ ಬಿರಿಯಾನಿಯಿಂದ ತಲೆ ಎತ್ತಿ, "ಅವರು ಆರ್ಕಿಟೆಕ್ಟ್ ಅಲ್ಲ ಸಾಹೇಬ್ರೇ, ಡ್ರಾಫ್ಟ್ಸ್‌ಮನ್. ಆರ್ಕಿಟೆಕ್ಟ್ ಅಂತ ಹೇಳಲಿಕ್ಕೆ ರಿಜಿಸ್ಟ್ರೇಶನ್ ಬೇಕು, ಕಾನೂನು ಉಂಟು" ಎಂದ.

ಅವನು ಹೇಳಿದ್ದು ಸರಿಯೇ. ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ಯಾರು ಬೇಕಾದರೂ ಮನೆ ಬರೆಯಬಹುದು, ಆದರೆ ಆ ಹೆಸರನ್ನು ಇಟ್ಟುಕೊಳ್ಳಬೇಕಾದರೆ ನೋಂದಣಿ ಬೇಕು. ನಾನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದೇ ಎದ್ದೆ. ಹಸಿವಿನ ಮೇಲೆ ಸಿಟ್ಟು ತೀರಿಸುವ ಅಭ್ಯಾಸ ನನಗಿಲ್ಲ.

ನಂತರ ಕಾರ್ಕಳ. ಪದ್ಮರಾಜ ಮಾಸ್ಟ್ರು ನಿವೃತ್ತರಾಗಿ ಮನೆ ಕಟ್ಟಲು ಹೊರಟಿದ್ದರು. ಜಾಗದ ನಟ್ಟನಡುವೆ ಕರಿಯ ಬಂಡೆ, ಕಾರ್ಕಳದಲ್ಲಿ ಅದೇನೂ ವಿಶೇಷವಲ್ಲ. ಸಿಡಿಸಿ ತೆಗೆಯುವುದು ರೂಢಿ. ಬೇಡ, ಅದನ್ನು ಹಾಗೇ ಬಿಟ್ಟು ಸುತ್ತ ಮನೆ ಕಟ್ಟೋಣ ಎಂದು ನಾನು ಹೇಳಿದೆ. ಬಂಡೆಯ ಬೆನ್ನು ಚಾವಡಿಯ ಒಂದು ಬದಿಯಲ್ಲಿ ನೆಲದಿಂದ ಎದ್ದು ಕೂರಲು ಕಟ್ಟೆಯಾಗುವ ಹಾಗೆ ಬರೆದೆ. ಸರ್ ನೋಡಿ "ಹ್ಞೂಂ" ಎಂದರು. ಇದು ಒಳ್ಳೆಯ "ಹ್ಞೂಂ". ಬೇಸಿಗೆಯಲ್ಲಿ ಮನೆ ಮುಗಿಯಿತು. ಸರ್ ಪರಿಚಯದವರನ್ನೆಲ್ಲ ಕರೆದುಕೊಂಡು ಹೋಗಿ ಬಂಡೆ ತೋರಿಸುತ್ತಿದ್ದರು. ಜಾಗಕ್ಕೆ ಮರ್ಯಾದೆ ಕೊಡಬೇಕು, ಅದು ನಮ್ಮ ಪದ್ಧತಿ ಎಂದು ಹೇಳುತ್ತಿದ್ದರು. ನಾನು ಹಿಂದೆ ನಿಂತು ಕೇಳುತ್ತಿದ್ದೆ.

ಮಳೆ ಹಿಡಿದ ಒಂದು ವಾರದಲ್ಲಿ ಮಾಸ್ಟ್ರ ಫೋನು ಬಂತು. ನಾವು ಮೂವರೂ ಸಂದೀಪನ ಕಾರಿನಲ್ಲಿ ಹೋದೆವು. ಚಾವಡಿಯಲ್ಲಿ ಪಾದ ಮುಳುಗುವಷ್ಟು ನೀರು. ಬಂಡೆಯ ಸೀಳಿನಿಂದ ನೀರು ಒಸರಿ ಒಸರಿ ಒಳಗೆ ಬರುತ್ತಿತ್ತು. ಗುಡ್ಡದ ನೀರೆಲ್ಲ ಅದೇ ಬಂಡೆಯ ಬೆನ್ನ ಮೇಲೆ ಇಳಿಯುತ್ತದೆಂದು ಬೇಸಿಗೆಯಲ್ಲಿ ನೋಡಿದವರಿಗೆ ಹೊಳೆದಿರಲಿಲ್ಲ. ಮಾಸ್ಟ್ರು ಸೊಂಟಕ್ಕೆ ಬೈರಾಸು ಸುತ್ತಿಕೊಂಡು ಪುಸ್ತಕದ ಕಪಾಟಿನ ಕೆಳಗೆ ಇಟ್ಟಿಗೆ ಇಡುತ್ತಿದ್ದರು.

"ಪ್ರಭಾಕರರೇ, ಇದು ಎಂತದು?" ಎಂದರು, ಶಾಂತವಾಗಿಯೇ.

ಸರ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಮಾಸ್ಟ್ರೇ, ಇದು ಹಿಲ್ಡಾ ಮಾಡಿದ್ದು. ನನಗೆ ಸರಿಯಾಗಿ ನೋಡಲಿಕ್ಕೆ ಆಗಲಿಲ್ಲ" ಎಂದರು.

ಆಗ ನನ್ನ ಮೈ ಉರಿದುಹೋಯಿತು. ಕಾಲ ಕೆಳಗೆ ತಣ್ಣನೆಯ ನೀರು, ನೆತ್ತಿಯಲ್ಲಿ ಬೆಂಕಿ. ಆದರೆ ಮೊದಲು ಮನೆ ಉಳಿಸಬೇಕಿತ್ತು. ಕಪಾಟುಗಳನ್ನು ಎತ್ತಿಸಿದೆ. ಹೊರಗೆ ಗುಡ್ಡದ ಬದಿಯಲ್ಲಿ ಬಂಡೆಗೆ ಅಡ್ಡವಾಗಿ ಕಾಲುವೆ ಕಡಿಸಿ ಬಹುಪಾಲು ನೀರನ್ನು ಬೇರೆ ಕಡೆಗೆ ತಿರುಗಿಸಿದೆವು. ಸೀಳಿನಿಂದ ಬರುವ ಉಳಿದ ನೀರನ್ನು ತಡೆಯುವ ಗೋಜಿಗೇ ಹೋಗಲಿಲ್ಲ. ಬಂಡೆಯ ಬುಡದಲ್ಲಿ ನೆಲ ಕೊರೆದು ಗೇಣಗಲದ ಕಾಲುವೆ ಮಾಡಿ ಚಾವಡಿಯ ಮೂಲಕವೇ ತೋಟಕ್ಕೆ ಬಿಟ್ಟೆ. ಮನೆಯೊಳಗೆ ನೀರು ಹರಿಸಿದ ಮೊದಲ ಹುಚ್ಚಿ ನೀನೇ ಎಂದು ಸರ್ ಹೇಳಿದರು. ಮಾಸ್ಟ್ರು ಮಾತ್ರ ಮರು ಮಳೆಗಾಲಕ್ಕೆ ಆ ಕಾಲುವೆಯ ಪಕ್ಕಕ್ಕೇ ತಮ್ಮ ಆರಾಮ ಕುರ್ಚಿಯನ್ನು ಎಳೆಸಿಕೊಂಡರು. ಬಂಡೆ ಉಳಿಸಿದ್ದು ತಪ್ಪೆಂದು ನನಗೆ ಅಂದೂ ಅನಿಸಿಲ್ಲ, ಇಂದೂ ಅನಿಸುವುದಿಲ್ಲ. ಮಳೆಗಾಲದಲ್ಲಿ ಜಾಗ ನೋಡದೆ ಬರೆದದ್ದು ತಪ್ಪು. ಆ ತಪ್ಪನ್ನು ನೀವು ಮಾಡಬೇಡಿ.

ನೀರು ನುಗ್ಗಿದ ಆ ದಿನ ಕಾರ್ಕಳದಿಂದ ಮೂವರೂ ಸಂದೀಪನ ಕಾರಿನಲ್ಲೇ ಮರಳಿದೆವು. ಅರ್ಧ ದಾರಿಯಲ್ಲಿ ನಾನೇ ಕೇಳಿದೆ.

"ಸರ್, ಕಾಪುವಿನ ಮನೆ ಯಾರದ್ದು?"

"ಎಂತ ಹಾಗೆ ಕೇಳುವುದು? ಹಮೀದರದ್ದು."

"ಅದಲ್ಲ. ಬರೆದದ್ದು ಯಾರು?"

ಸರ್ ಮಡಚಿದ್ದ ಪ್ಯಾಂಟನ್ನು ಕೆಳಗಿಳಿಸಿಕೊಂಡರು.

"ಹೊಗಳಿಕೆ ಬಂದರೆ ನಿಮ್ಮದು, ಸೋರಿದರೆ ನನ್ನದು. ಸೋರಿಕೆ ನನ್ನದಾದರೆ ಮನೆಯೂ ನನ್ನದೇ ಅಲ್ವಾ ಸರ್?"

ಅವರು ಕಿಟಕಿಯ ಹೊರಗೆ ನೋಡುತ್ತಾ, "ನೀನು ದಣಿದಿದ್ದಿ" ಎಂದರು. ನನಗೆ ದಣಿವೇ ಆಗಿರಲಿಲ್ಲ.

ಸರ್ ಮನೆಯ ಹತ್ತಿರ ಇಳಿದ ಮೇಲೆ ಸಂದೀಪ ಕಾರನ್ನು ಮುಂದೆ ಬಿಡದೆ ನನ್ನ ಕಡೆ ತಿರುಗಿದ. "ಹಿಲ್ಡಕ್ಕ, ಆವತ್ತು ಕಾಪುವಿನಲ್ಲಿ ನಾನು ಹಾಗೆ ಹೇಳಬಾರದಿತ್ತು" ಎಂದ.

"ಹೇಳಿದ್ದು ಸರಿ ಅಲ್ವಾ."

"ಸರಿಯೇ. ಆದರೆ ಅರ್ಧ ಹೇಳಿದೆ. ಕಾಲೇಜಿಗೆ ಹೋಗದೆಯೂ ಆಗ್ಲಿಕ್ಕೆ ದಾರಿ ಉಂಟು. ಆರ್ಕಿಟೆಕ್ಟ್ ಹತ್ತಿರ ಕೆಲಸ ಮಾಡ್ತಾ ಇರುವವರಿಗೆ ಬೇರೆ ಪರೀಕ್ಷೆ ಉಂಟು. ಪಾಸಾದರೆ ನಮ್ಮ ಪದವಿಗೆ ಸಮ, ರಿಜಿಸ್ಟ್ರೇಶನ್ ಸಿಗ್ತದೆ. ನಮಗೆ ಕಲಿಸಿದ ಒಬ್ಬರು ಹಾಗೆಯೇ ಆದವರು."

ಎಷ್ಟು ವರ್ಷ ನಾನು ಆ ಕಚೇರಿಯಲ್ಲಿ ಕೂತಿದ್ದೆ! ಸರ್‌ಗೆ ಈ ದಾರಿ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಹೇಳಲಿಲ್ಲ, ಅಷ್ಟೆ.

ಪರೀಕ್ಷೆಗೆ ಕಟ್ಟಲು ಒಂದು ಷರತ್ತಿತ್ತು. ನಾನು ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆಂದು ನೋಂದಾಯಿತ ಆರ್ಕಿಟೆಕ್ಟ್ ಒಬ್ಬರು ಬರೆದು ಸಹಿ ಹಾಕಬೇಕು. ಮರುದಿನ ಸರ್ ಮುಂದೆ ನಿಂತು ಕೇಳಿದೆ.

"ನಿನಗೆ ಇಲ್ಲಿ ಎಂತ ಕಮ್ಮಿ ಉಂಟು ಹಿಲ್ಡಾ?" ಎಂದರು.

"ಹೆಸರು ಕಮ್ಮಿ ಉಂಟು ಸರ್."

"ಆ ಪರೀಕ್ಷೆ ಎಲ್ಲ ಸಣ್ಣ ಮಕ್ಕಳಿಗೆ. ನಿನ್ನ ವಯಸ್ಸೆಷ್ಟು?"

"ಅದನ್ನು ಬ್ಲೇಡಿನಿಂದ ಕೆರೆದು ತೆಗೀಲಿಕ್ಕೆ ಆಗುವುದಿಲ್ಲ. ಇದ್ದ ವಯಸ್ಸಿನಲ್ಲೇ ಬರೀತೇನೆ."

ನೋಡೋಣ ಎಂದರು. ನಮ್ಮಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಒಂದು ತಿಂಗಳು ಕಾದೆ. ಮತ್ತೆ ಕೇಳಿದೆ, ಮತ್ತೆ ನೋಡೋಣ. ಪರೀಕ್ಷೆಗೆ ಕಟ್ಟುವ ಅವಧಿ ಮುಗಿಯುತ್ತಾ ಬಂತು.

ಆಮೇಲೆ ನಾನು ಮಾಡಿದ್ದನ್ನು ಕೆಲವರು ಹಟ ಎಂದರು, ಕೆಲವರು ದುರಹಂಕಾರ ಎಂದರು. ಎರಡೂ ನನಗೆ ಒಪ್ಪಿಗೆಯೇ. ಸೋಮವಾರ ಎಂದಿನಂತೆ ಸಮಯಕ್ಕೆ ಸರಿಯಾಗಿ ಕಚೇರಿಗೆ ಹೋದೆ. ಮೇಜು ಒರೆಸಿದೆ, ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು ಮಡಚಿಟ್ಟೆ. ಆಮೇಲೆ ಕೈಕಟ್ಟಿ ಕೂತೆ. ಒಂದು ಗೆರೆಯನ್ನೂ ಎಳೆಯಲಿಲ್ಲ. ಮಣಿಪಾಲದಲ್ಲಿ ಒಬ್ಬ ಡಾಕ್ಟರ ಕ್ಲಿನಿಕ್ಕಿನ ನಕ್ಷೆ ಆ ವಾರವೇ ಕೊಡಬೇಕಿತ್ತು.

ಸರ್ ಬಂದು ನೋಡಿ, "ಎಂತ, ಕಂಪ್ಯೂಟರ್ ಹಾಳಾಯಿತಾ?" ಎಂದರು.

"ಇಲ್ಲ ಸರ್. ಹಾಳಾದದ್ದು ನಾನು."

ಮಂಗಳವಾರವೂ ಹಾಗೆಯೇ. ಮಾತಿಗೆ ಮಾತು, ಚಹಾಕ್ಕೆ ಚಹಾ, ಕೆಲಸ ಮಾತ್ರ ಇಲ್ಲ. ಸಂದೀಪನಿಗೂ ಕಂಪ್ಯೂಟರಿನಲ್ಲಿ ಬರೆಯಲು ಬರುತ್ತಿತ್ತು. ಸರ್ ಅವನನ್ನು ಕೂರಿಸಲು ನೋಡಿದರು. ಅವನು ಹೊಟ್ಟೆ ನೋವೆಂದು ರಜೆ ಹಾಕಿ ಮನೆಗೆ ಹೋದ. ಸಂಜೆ ಉಡುಪಿಯ ಬಸ್ ನಿಲ್ದಾಣದ ಬಳಿ ಗೋಳಿಬಜೆ ತಿನ್ನುತ್ತಾ ಸಿಕ್ಕಿದ. "ಹೊಟ್ಟೆ ಹೇಗುಂಟು?" ಎಂದೆ. "ನಾಳೆಯೂ ನೋವು ಇರ್ತದೆ ಹಿಲ್ಡಕ್ಕ" ಎಂದ.

ಬುಧವಾರ ಡಾಕ್ಟರೇ ಕಚೇರಿಗೆ ಬಂದರು. ಅವರನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ಸರ್ ನನ್ನ ಮೇಜಿನ ಬಳಿ ಬಂದರು, ಕಾಗದ ಎಳೆದುಕೊಂಡು ಬರೆದು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ, "ನೀನು ಪಾಸಾದರೆ ಬಿಟ್ಟು ಹೋಗ್ತಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಒಂದು ಕ್ಷಣ ನನಗೂ ಪಾಪ ಅನಿಸಿತು.

"ಫೇಲಾದರೂ ಹೋಗ್ತೇನೆ ಸರ್" ಎಂದೆ. ಮಧ್ಯಾಹ್ನದೊಳಗೆ ಕ್ಲಿನಿಕ್ಕಿನ ನಕ್ಷೆ ಮುಗಿಸಿಕೊಟ್ಟೆ.

ಫೇಲಾದೆ, ಹೋಗಲಿಲ್ಲ. ಹೇಳುವುದು ಸುಲಭ. ಬೆಂಗಳೂರಿನಲ್ಲಿ ಪರೀಕ್ಷೆ. ಹೋದವರಲ್ಲಿ ಹೆಚ್ಚಿನವರು ನನ್ನ ಅರ್ಧ ವಯಸ್ಸಿನವರು. ಹಾಲ್‌ನಲ್ಲಿ ನನ್ನನ್ನು ನೋಡಿ ಮೇಲ್ವಿಚಾರಕಿ ಎಂದು ತಿಳಿದು ಎದ್ದು ನಿಂತವರೂ ಇದ್ದರು. ಕಟ್ಟಡದ ಬಲ, ಭಾರದ ಲೆಕ್ಕ, ಅವೆಲ್ಲ ನನಗೆ ನೀರು ಕುಡಿದ ಹಾಗೆ. ಕೈಯಲ್ಲಿ ವಿನ್ಯಾಸ ಬರೆಯುವ ಪತ್ರಿಕೆಯಲ್ಲಿ ಟಿ-ಸ್ಕ್ವೇರ್ ಹಿಡಿದು ಕೂತರೆ ನನ್ನ ಸಮಕ್ಕೆ ಯಾರೂ ಇರಲಿಲ್ಲ. ಬಿದ್ದದ್ದು ಇತಿಹಾಸದಲ್ಲಿ. ದೇವಸ್ಥಾನ, ಬಸದಿಗಳ ಬಗ್ಗೆ ಕೇಳಿದಾಗ ಪುಸ್ತಕದಲ್ಲಿ ಇದ್ದದ್ದನ್ನು ಬಿಟ್ಟು ನಾನು ಕಣ್ಣಾರೆ ಕಂಡದ್ದನ್ನು ಬರೆದೆ. ಮಾಡಿನ ಇಳಿಜಾರು ಯಾಕೆ ಅಷ್ಟು, ಕಲ್ಲಿನ ಚಪ್ಪಡಿಯನ್ನು ಹಂಚಿನ ಹಾಗೆ ಹೊದಿಸಿದ್ದು ಯಾಕೆ ಎಂದೆಲ್ಲ. ಎರಡು ಸಲ ಬಿದ್ದೆ. ಮೂರನೆಯ ಸಲ ಸಂದೀಪ ತನ್ನ ಕಾಲೇಜಿನ ಟಿಪ್ಪಣಿಗಳನ್ನು ತಂದುಕೊಟ್ಟು, "ಅಕ್ಕ, ಒಮ್ಮೆ ಅವರಿಗೆ ಬೇಕಾದ್ದನ್ನು ಬರೆದುಬಿಡಿ. ನಿಮ್ಮದನ್ನು ಆಮೇಲೆ ಕಟ್ಟಿ ತೋರಿಸಿ" ಎಂದ. ಬರೆದೆ, ಪಾಸಾದೆ. ನಿಮಗೂ ನನ್ನದು ಅದೇ ಸಲಹೆ. ಪುಸ್ತಕ ಓದಿ, ಆಮೇಲೆ ಜಗಳವಾಡಿ.

ಉದ್ಯಾವರದ ನಮ್ಮ ಇಗರ್ಜಿಯ ಅಂಗಳದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಒಬ್ಬಾಕೆ ನನ್ನ ಅಮ್ಮನನ್ನು ಕೇಳಿದಳಂತೆ, "ನಿಮ್ಮ ಹಿಲ್ಡಾ ಇನ್ನೂ ಶಾಲೆಗೆ ಹೋಗ್ತಾಳಂತೆ, ಹೌದಾ?" ಎಂದು. "ಹೌದು, ನಿನ್ನ ಮಕ್ಕಳು ಬಿಟ್ಟದ್ದನ್ನು ಅವಳು ಕಲೀತಾ ಇದ್ದಾಳೆ" ಎಂದು ಅಮ್ಮ ಹೇಳಿ ಬಂದಿದ್ದಳು. ನನ್ನ ನಾಲಿಗೆ ಎಲ್ಲಿಂದ ಬಂತೆಂದು ಕೇಳುವವರಿಗೆ ಇದು ಉತ್ತರ.

ಕೊನೆಯದು ಪ್ರಬಂಧ. ಒಂದು ಕಟ್ಟಡವನ್ನು ಪೂರ್ತಿಯಾಗಿ ವಿನ್ಯಾಸ ಮಾಡಿ ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳಬೇಕು. ಉಳಿದವರು ವಿಮಾನ ನಿಲ್ದಾಣ, ವಸ್ತುಸಂಗ್ರಹಾಲಯ ಆರಿಸಿಕೊಂಡರು. ನಾನು ಪರ್ಕಳದಲ್ಲಿ ಕಟ್ಟಡ ಕೆಲಸದವರಿಗೆ ಬಾಡಿಗೆ ಕೋಣೆಗಳನ್ನು ಆರಿಸಿಕೊಂಡೆ. ಮಣಿಪಾಲ ಮೇಲೆ ಮೇಲೆ ಬೆಳೆಯುತ್ತಿದ್ದ ಕಾಲ ಅದು. ಬೆಳೆಸುತ್ತಿದ್ದವರು ಬಾಗಲಕೋಟೆ, ಗದಗದ ಕಡೆಯ ಜನ. ಅವರಿಗೆ ಪರ್ಕಳದಲ್ಲಿ ಸಿಗುತ್ತಿದ್ದದ್ದು ಕಿಟಕಿ ಇಲ್ಲದ ಕೋಣೆಗಳ ಸಾಲು. ಒಳಗೆ ಸೌದೆ ಒಲೆ, ಹೊಗೆ, ಗೋಡೆ ಕಪ್ಪಾಯಿತೆಂದು ಮಾಲೀಕರ ಬೈಗುಳ. ನಮ್ಮ ಕೆಲಸಗಳಿಗೆ ಬರುತ್ತಿದ್ದ ಲಕ್ಷ್ಮವ್ವ ಎಂಬಾಕೆಯ ಕೋಣೆಯಲ್ಲಿ ಹಲವು ಸಂಜೆ ಕೂತೆ. ಗ್ಯಾಸ್ ಒಲೆಗೆ ಜಾಗ ಬರೆಯಲೇ ಎಂದು ಕೇಳಿದರೆ ಅವಳು ನಕ್ಕಳು.

"ಅವ್ವಾರ, ರೊಟ್ಟಿ ಕಟಿಗಿ ಒಲಿ ಮ್ಯಾಲೇ ಆಗಬೇಕ್ರಿ. ಒಲಿ ಒಳಗ ಬ್ಯಾಡ, ಮುಂದ ಇಡ್ರಿ. ದಿನಾ ಎಲ್ಲಾ ಕಲ್ಲು ಹೊತ್ತು ಬಂದಿರ್ತೀವಿ, ರೊಟ್ಟಿ ಬಡಿಯೂ ಮುಂದ ಒಬ್ಬರ ಮಾರಿ ಒಬ್ಬರು ನೋಡಬೇಕಲ್ರೀ."

ಹಾಗೆಯೇ ಬರೆದೆ. ಎರಡು ಸಾಲು ಕೋಣೆಗಳು ಎದುರುಬದುರು, ನಡುವೆ ಎತ್ತರದ ಹಂಚಿನ ಮಾಡು, ಹೊಗೆ ಹೋಗಲು ಮೇಲೆ ತೆರಪು, ಕೋಣೆಗಳ ಮುಂದೆ ಒಲೆಗಳ ಸಾಲು.

ಮೌಖಿಕ ಪರೀಕ್ಷೆಯಲ್ಲಿ ಮೂವರು ಕೂತಿದ್ದರು. ನಡುವೆ ಕೂತವರು ಹಾಳೆಗಳನ್ನು ಸರಸರ ತಿರುವಿ, "ಒಲೆಯನ್ನು ಮನೆಯ ಮುಂದೆ ಇಟ್ಟಿದ್ದೀರಿ. ಇದು ಕೊಳೆಗೇರಿಯಲ್ಲಿ ಇರುವಂಥದ್ದು. ವಾಸ್ತುಶಿಲ್ಪ ಜನರನ್ನು ಮೇಲೆತ್ತಬೇಕು ಅಲ್ಲವೇ?" ಎಂದರು.

"ನಿಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ನಿಮಗೆ ಯಾರ ಮುಖ ಕಾಣುತ್ತದೆ ಸರ್?" ಎಂದು ಕೇಳಿದೆ.

ಅವರು ಹಾಳೆಯಿಂದ ಕಣ್ಣೆತ್ತಿದರು. "ನಾನು ಅಡುಗೆ ಮಾಡುವುದಿಲ್ಲ."

"ಹಾಗಾದರೆ ಮಾಡುವವರನ್ನು ಕೇಳಿಯೇ ನಾನು ಬರೆದದ್ದು. ಅವರನ್ನು ಮೇಲೆತ್ತುವುದು ಆಮೇಲೆ, ಮೊದಲು ಹೊಗೆ ಮೇಲೆ ಹೋಗಲಿ."

ಬದಿಯಲ್ಲಿ ಕೂತಿದ್ದ ಹೆಂಗಸು ತುಟಿ ಕಚ್ಚಿಕೊಂಡು ನಗು ತಡೆದರು. ನಡುವಿನವರಿಗೆ ನಗು ಬರಲಿಲ್ಲ. ಒಲೆಗಳನ್ನು ಒಳಗೆ ಹಾಕಿ ಹೊಸದಾಗಿ ಬರೆದು ತಂದರೆ ಪರಿಶೀಲಿಸಬಹುದು ಎಂದರು. ಇಷ್ಟು ವರ್ಷದ ಓಡಾಟ ಆ ಒಂದು ಮಾತಿನ ಮೇಲೆ ನಿಂತಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಇತಿಹಾಸದ ಪತ್ರಿಕೆಯಲ್ಲಿ ಅವರಿಗೆ ಬೇಕಾದ್ದನ್ನು ಬರೆದವಳು ಇದನ್ನೂ ಬರೆಯಬಹುದಿತ್ತು. ಆದರೆ ಅದು ಪುಸ್ತಕದ ವಿಷಯ, ಇದು ಮನೆ.

"ಬದಲಾಯಿಸುವುದಿಲ್ಲ ಸರ್. ಬೇಕಾದರೆ ಫೇಲು ಮಾಡಿ, ಇದನ್ನೇ ಮತ್ತೆ ತರುತ್ತೇನೆ" ಎಂದು ಹಾಳೆಗಳನ್ನು ಸುತ್ತಿಕೊಂಡು ಹೊರಗೆ ಬಂದೆ. ಮೂವರಲ್ಲಿ ಇಬ್ಬರು ನನ್ನ ಪರವಾಗಿ ನಿಂತರೆಂದು ಆಮೇಲೆ ತಿಳಿಯಿತು. ಪಾಸಾದೆ. ಕೆಲವು ತಿಂಗಳಲ್ಲಿ ನೋಂದಣಿಯೂ ಆಯಿತು.

ಸರ್ ಕರೆದು ಕೂರಿಸಿದರು. ಕಚೇರಿಯ ಬೋರ್ಡಿನಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಸುವುದಾಗಿ ಹೇಳಿದರು. ಅವರ ಮಟ್ಟಿಗೆ ಅದು ದೊಡ್ಡ ಮಾತು, ನನಗೆ ಗೊತ್ತಿತ್ತು.

"ಕೆಳಗೆ ಬೇಡ ಸರ್" ಎಂದೆ.

"ಹ್ಞೂಂ" ಎಂದರು. ಅದು ಯಾವ ಬಗೆಯದೆಂದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಪರ್ಕಳದಲ್ಲಿ ಒಂದು ಬೇಕರಿಯ ಮೇಲೆ ಕೋಣೆ ಹಿಡಿದು ನನ್ನ ಬೋರ್ಡು ಹಾಕಿದೆ. ಮೊದಲ ಗಿರಾಕಿಯಾಗಿ ಬಂದದ್ದು ಖಾಸಗಿ ಬಸ್ಸಿನ ಕಂಡಕ್ಟರ್ ಸುಧಾಕರ. ದಿನಾ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವಾಗ ಬೋರ್ಡು ಕಾಣುತ್ತಿತ್ತಂತೆ. "ನಮ್ಮ ಸಣ್ಣ ಮನೆಗೆಲ್ಲ ಆರ್ಕಿಟೆಕ್ಟ್ ಬರ್ತಾರಾ ಮೇಡಂ?" ಎಂದ. "ಬಂದಾಯಿತಲ್ಲ ಮಾರಾಯ, ಕೂತುಕೋ" ಎಂದೆ. ಉಡುಪಿಯ ಹೊರವಲಯದಲ್ಲಿ ಅವನಿಗೆ ಮೂಲೆ ಮೂಲೆಯಾದ ಪುಟ್ಟ ಜಾಗವಿತ್ತು. ಅಷ್ಟರಲ್ಲೇ ಹಿಡಿಸಿ ಬರೆದೆ. ಕೊನೆಯ ಹಾಳೆಯ ಮೂಲೆಯಲ್ಲಿ, ಅಷ್ಟು ವರ್ಷ ಬೇರೆಯವರ ಸಹಿಗೆಂದು ನಾನೇ ಖಾಲಿ ಬಿಡುತ್ತಿದ್ದ ಚೌಕದಲ್ಲಿ, ನನ್ನ ಹೆಸರು ಬರೆದು ಸಹಿ ಹಾಕಿದೆ.

ಸುರುಳಿ ಹಿಡಿದು ನಗರಸಭೆಗೆ ಹೋದೆ. ಅಲ್ಲಿನ ಇಂಜಿನಿಯರಿಗೆ ನನ್ನ ಗುರುತು ಚೆನ್ನಾಗಿತ್ತು. ಎಷ್ಟು ನಕ್ಷೆಗಳನ್ನು ಹೊತ್ತು ತಂದಿಲ್ಲ ಅವರ ಮೇಜಿಗೆ. ತಲೆ ಎತ್ತದೆಯೇ, "ಬಾಯಿ, ಪ್ರಭಾಕರ ಸರ್ ಹೇಗಿದ್ದಾರೆ?" ಎಂದು ಕೇಳುತ್ತಾ ಹಾಳೆ ಬಿಡಿಸಿದರು. ಚೆನ್ನಾಗಿದ್ದಾರೆ ಎಂದೆ. ನನ್ನ ಹಿಂದೆ ಐದಾರು ಜನ ನಿಂತಿದ್ದರು.

ಅವರು ಸ್ಕೇಲ್ ಇಟ್ಟು ಅಳೆದರು, ಮತ್ತೊಮ್ಮೆ ಅಳೆದರು. ಕೆಂಪು ಪೆನ್ನು ತೆಗೆದು ಒಂದು ಕಡೆ ದಪ್ಪಗೆ ಸುತ್ತು ಹಾಕಿದರು. "ಇಲ್ಲಿ ನೋಡಿ, ಮೆಟ್ಟಿಲಿನ ಮೂಲೆ ಖಾಲಿ ಬಿಡಬೇಕಾದ ಜಾಗಕ್ಕೆ ಬಂದುಬಿಟ್ಟಿದೆ. ಅಲ್ಲ, ನಿಮಗೆ ಹೇಳಿ ಎಂತ ಪ್ರಯೋಜನ. ತಕೊಂಡು ಹೋಗಿ, ಇದನ್ನು ಮಾಡಿದವರನ್ನೇ ಕಳಿಸಿ."

ನಾನು ಬಗ್ಗಿ ನೋಡಿದೆ. ಹೌದು, ಬಂದಿತ್ತು. ನನ್ನ ಮೊದಲ ನಕ್ಷೆಯಲ್ಲಿ, ಎಲ್ಲರ ಎದುರು, ಕೆಂಪು ಸುತ್ತು. ನಾಚಿಕೆಯಾಗಬೇಕಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಹೇಗೆ ಹೇಳುವುದೆಂದೇ ತಿಳಿಯುತ್ತಿಲ್ಲ.

ಹಾಳೆಯನ್ನು ಅವರ ಕಡೆಗೆ ತಿರುಗಿಸಿ ಮೂಲೆಯ ಚೌಕದ ಮೇಲೆ ಬೆರಳಿಟ್ಟೆ. "ಮಾಡಿದವಳು ನಾನೇ" ಎಂದೆ. "ತಪ್ಪೂ ನನ್ನದೇ. ಕಳಿಸಲಿಕ್ಕೆ ಬೇರೆ ಯಾರೂ ಇಲ್ಲ."

ಅವರು ಹೆಸರು ಓದಿದರು, ನನ್ನನ್ನು ನೋಡಿದರು, ಮತ್ತೆ ಹೆಸರು ಓದಿದರು. ಆಮೇಲೆ ಕೆಂಪು ಪೆನ್ನು ಕೆಳಗಿಟ್ಟು ತಮ್ಮ ನೀಲಿ ಪೆನ್ನನ್ನು ನನ್ನ ಕಡೆಗೆ ಸರಿಸಿದರು. ನಾನು ನಿಂತಲ್ಲೇ ಮೆಟ್ಟಿಲನ್ನು ಒಳಗೆ ಎಳೆದು ಸರಿಮಾಡಿದೆ, ಪಕ್ಕದಲ್ಲಿ ಇನ್ನೊಮ್ಮೆ ಸಹಿ ಹಾಕಿದೆ.